ಚೀಟಿ ಅಕ್ಕನ ಚುಕ್ಕಿ

ಅವರ ಬಲಗೈಯ ನಡುಬೆರಳಿನ ಪಕ್ಕದಲ್ಲಿ ಹುಣಸೆಬೀಜದಷ್ಟು ದಪ್ಪದ ಒಂದು ಗಂಟಿತ್ತು. ಬಣ್ಣ ನೀಲಿ. ಹದಿನಾಲ್ಕು ವರ್ಷ ಒಂದೇ ಸಮನೆ ಪೆನ್ನು ಒತ್ತಿ ಒತ್ತಿ ಎದ್ದ ಗಂಟು ಅದು. ಎಷ್ಟು ಸೋಪು ಹಾಕಿ ಉಜ್ಜಿದರೂ ಶಾಯಿ ಬಿಟ್ಟಿರಲಿಲ್ಲ. ಬಿಡುವಾದಾಗ ಹೆಬ್ಬೆರಳಿನಿಂದ ಅದನ್ನು ಸವರಿಕೊಳ್ಳುತ್ತಾ ಕೂರುವುದು ಅವರ ಅಭ್ಯಾಸ. ಮೊದಲ ಸಲ ನೋಡಿದಾಗ ನನ್ನ ಕಣ್ಣಿಗೆ ಬಿದ್ದದ್ದು ಅವರ ಮುಖವಲ್ಲ, ಆ ಗಂಟು. "ಇನ್ಮೇಲೆ ನಿಮಗೆ ಬರೆಯೋ ಕಷ್ಟ ಇಲ್ಲ ಅಕ್ಕ" ಎಂದು, ಉಪಕಾರ ಮಾಡಲು ಬಂದವಳ ಗತ್ತಿನಲ್ಲಿ ಹೇಳಿದೆ. ಅವರು ಗಂಟನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ಬರಿಯೋದು ಕಷ್ಟ ಅಂತ ಯಾರಮ್ಮ ಅಂದೋರು?" ಎಂದರು.

ಮೈಸೂರಿನ ಪಶ್ಚಿಮ ದಿಕ್ಕಿಗೆ ಒಂದು ಧರ್ಮಾಸ್ಪತ್ರೆ. ಹಿನಕಲ್, ಹೂಟಗಳ್ಳಿ ಕಡೆಯ ಜನ ಬೆಳಗಿನ ಮೊದಲ ಬಸ್ಸಿಗೇ ಬಂದು ಅದರ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಅಲ್ಲಿ ಹೊರರೋಗಿಗಳಿಗೆ ಚೀಟಿ ಬರೆದುಕೊಡುವ ಕಿಟಕಿಯ ಹಿಂದೆ ಇದ್ದವರು ಇವರು. ರೋಗಿಗಳಿಗೂ ಆಯಾಗಳಿಗೂ, ಕೊನೆಗೆ ದೊಡ್ಡ ಡಾಕ್ಟರಿಗೂ ಅವರು ಚೀಟಿ ಅಕ್ಕ. ನಾನೋ, ಸರಸ್ವತಿಪುರಂನ ಒಂದು ಮನೆಯ ಮಹಡಿಯ ಮೇಲೆ ನಡೆಯುತ್ತಿದ್ದ ನಾಲ್ಕು ಜನರ ಕಂಪ್ಯೂಟರ್ ಕಂಪನಿಯಲ್ಲಿ ಪ್ರೋಗ್ರಾಂ ಬರೆಯುವವಳು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನನಗೆ ಇಪ್ಪತ್ಮೂರು ವರ್ಷ. ಮೂಗಿನ ತುದಿಯಲ್ಲೇ ಕೋಪ, ತಲೆ ತುಂಬ ಜಂಬ. ಆಸ್ಪತ್ರೆಯ ಚೀಟಿ ಬರೆಯುವ ಕೆಲಸವನ್ನು ಕಂಪ್ಯೂಟರಿಗೆ ಏರಿಸುವ ಜವಾಬ್ದಾರಿ ನಮ್ಮ ಕಂಪನಿಗೆ ಸಿಕ್ಕಿತು. ಮಾಲೀಕರು ಅದನ್ನು ನನ್ನ ಕೈಗೆ ಕೊಟ್ಟರು. ಮೂರು ತಿಂಗಳು ಮಹಡಿಯ ಮೇಲೆ ಕೂತು ಬರೆದೆ. ಆ ಮೂರು ತಿಂಗಳಲ್ಲಿ ಒಂದು ದಿನವೂ ಆ ಕಿಟಕಿಯ ಹತ್ತಿರ ಹೋಗಿ ನಿಂತಿರಲಿಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಹೋಗಿದ್ದರೆ ಕಾಣುತ್ತಿತ್ತು. ಅವರ ಮೇಜಿನ ಮೇಲೆ ನಾಲ್ಕು ಬಣ್ಣದ ಚೀಟಿಗಳ ಕಟ್ಟುಗಳಿದ್ದವು. ಹೆಂಗಸರ ವಿಭಾಗಕ್ಕೆ ಹಳದಿ, ಮಕ್ಕಳಿಗೆ ಗುಲಾಬಿ, ಕಣ್ಣಿಗೆ ಹಸಿರು, ಉಳಿದದ್ದಕ್ಕೆಲ್ಲ ಬಿಳಿ. ಆಯಾ ಕೋಣೆಯ ಬಾಗಿಲಿನ ಚೌಕಟ್ಟಿಗೂ ಅದೇ ಬಣ್ಣ. ಹಟ ಹಿಡಿದು ಅದನ್ನು ಬಳಿಸಿದವರೂ ಅವರೇ. ಓದಲು ಬಾರದವರಿಗೆ "ಅರಿಶಿನದ ಬಾಗ್ಲು ನೋಡ್ಕೊಂಡ್ ಹೋಗವ್ವ" ಎಂದರೆ ಸಾಕಾಗುತ್ತಿತ್ತು. ಕಿಟಕಿಗೆ ಹೊಡೆದಿದ್ದ ಹಲಗೆಯಲ್ಲಿ ಮಾತಾಡಲೆಂದು ಕೊರೆದ ಕಂಡಿ ಮೊದಲು ಸೊಂಟದ ಮಟ್ಟಕ್ಕಿತ್ತಂತೆ. ಹೊಟ್ಟೆನೋವಿನವರು, ಬಸುರಿಯರು ಬಗ್ಗಿ ಬಗ್ಗಿ ಊರಿನ ಹೆಸರು ಹೇಳುವುದನ್ನು ನೋಡಲಾರದೆ, ಮಂಚ ರಿಪೇರಿಗೆ ಬಂದಿದ್ದ ಬಡಗಿಯನ್ನು ಹಿಡಿದು ಕಂಡಿಯನ್ನು ಮೇಲಕ್ಕೆ ಕೊರೆಸಿದ್ದರು. "ನೋವಿರೋರು ಯಾಕಮ್ಮ ಬಗ್ಬೇಕು? ಕೂತಿರೋ ನಾನು ಕತ್ತೆತ್ತುದ್ರೆ ಆಯ್ತಪ್ಪ."

ಹಿನಕಲ್‌ನಲ್ಲಿ ಅವರದು ಎರಡು ಕೋಣೆಯ ಬಾಡಿಗೆ ಮನೆ. ಒಬ್ಬರೇ ಇದ್ದರು. ಹಣೆಗೆ ವಿಭೂತಿ, ಅದರ ಕೆಳಗೆ ಕುಂಕುಮ. ಆ ಮನೆಯ ಸ್ವಿಚ್ ಬೋರ್ಡಿನಲ್ಲಿ ಒಂದೇ ತರದ ಆರು ಸ್ವಿಚ್ಚು. ಫ್ಯಾನಿನದಕ್ಕೆ ಒಂದು ಕೆಂಪು ಸ್ಟಿಕ್ಕರ್ ಬೊಟ್ಟು, ಹೊರಗಿನ ದೀಪದ್ದಕ್ಕೆ ಒಂದು ಹಸಿರು ಬೊಟ್ಟು ಅಂಟಿಸಿದ್ದರು. ಮನೆಗೆ ಯಾರೇ ಬಂದರೂ ಒಂದೇ ಸಲಕ್ಕೆ ಫ್ಯಾನು ತಿರುಗುತ್ತಿತ್ತು. ಒಂದೇ ತರ ಕಾಣುವ ಆರು ಗುಂಡಿ ಮಾಡಿದವನ ಬುದ್ಧಿಗೆ ಅವರು ಇಟ್ಟ ಬೊಟ್ಟು ಅದು. ಇಂಥದ್ದನ್ನೆಲ್ಲ ವಿನ್ಯಾಸ ಎಂದು ಕರೆಯುತ್ತಾರೆ, ಅದಕ್ಕೊಂದು ವಿದ್ಯೆಯಿದೆ, ಕೋರ್ಸುಗಳಿವೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಅಷ್ಟರಲ್ಲಿ ನನ್ನ ಪಾಠ ಮುಗಿದಿತ್ತು.

ನನ್ನ ಕಂಪ್ಯೂಟರ್ ಪರದೆ ಹೀಗಿತ್ತು. ಕಪ್ಪು ಹಿನ್ನೆಲೆ, ಹಸಿರು ಇಂಗ್ಲಿಷ್ ಅಕ್ಷರ, ತುಂಬಬೇಕಾದ ಹನ್ನೊಂದು ಚೌಕ. ಒಂದು ಚೌಕ ತುಂಬದಿದ್ದರೆ ಕಂಪ್ಯೂಟರು ಕೀಂಯ್ ಎಂದು ಕೂಗುತ್ತಿತ್ತು, ಮುಂದಿನ ಚೌಕಕ್ಕೆ ಬಿಡುತ್ತಿರಲಿಲ್ಲ. ಕೀಬೋರ್ಡಿನ ಎಡಮೂಲೆಯ ಗುಂಡಿಗೆ ಬೆರಳು ತಾಗಿದರೆ ಹನ್ನೊಂದೂ ಚೌಕ ಒಂದೇ ಏಟಿಗೆ ಅಳಿಸಿಹೋಗುತ್ತಿದ್ದವು. ಅಳಿಸಲೇ ಎಂದು ಒಂದು ಮಾತು ಕೇಳುತ್ತಿರಲಿಲ್ಲ. ಕೊನೆಗೆ ಪ್ರಿಂಟರಿನಿಂದ ಬರುತ್ತಿದ್ದ ಚೀಟಿ ಎಲ್ಲರಿಗೂ ಒಂದೇ ಬಿಳಿ, ಎಲ್ಲವೂ ಇಂಗ್ಲಿಷು.

ಮೊದಲ ದಿನ ಹತ್ತು ಗಂಟೆಗೆ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಒಳಗೆ ನಡುಮನೆಯಷ್ಟು ಅಗಲದ ಕಾರಿಡಾರಿನಲ್ಲಿ ಜನ ಬಿಳಿ ಚೀಟಿ ಹಿಡಿದು, ಯಾವ ಬಾಗಿಲಿಗೆ ಹೋಗುವುದೆಂದು ತಿಳಿಯದೆ ಅತ್ತಿಂದಿತ್ತ ಓಡಾಡುತ್ತಿದ್ದರು. ಕಣ್ಣಿನ ತಾತನೊಬ್ಬ ಬಾಣಂತಿಯರ ಸಾಲಿನಲ್ಲಿ ಕೂತುಬಿಟ್ಟಿದ್ದ. ನಾನು ಅಕ್ಕನ ಹಿಂದೆ ನಿಂತು "ಬೇಗ, ಬೇಗ" ಎನ್ನುತ್ತಿದ್ದೆ. ಅಭ್ಯಾಸವಾದರೆ ಎಲ್ಲ ಸರಿಹೋಗುತ್ತದೆ ಎಂದು ಸಂಜೆ ಮಾಲೀಕರಿಗೆ ವರದಿ ಮಾಡಿದೆ.

ಮಾರನೆಯ ದಿನ ಹೋಗಿ ನೋಡಿದರೆ ಕೀಬೋರ್ಡಿನ ಆ ಎಡಮೂಲೆಯ ಗುಂಡಿಯ ಮೇಲೆ ಗಾಯಕ್ಕೆ ಹಾಕುವ ಆಸ್ಪತ್ರೆಯ ಪ್ಲಾಸ್ಟರು! ಒಪ್ಪವಾಗಿ, ನಾಲ್ಕೂ ಕಡೆ ಒತ್ತಿ ಅಂಟಿಸಿತ್ತು. ನನಗೆ ಮೈಯೆಲ್ಲ ಉರಿಯಿತು.

"ಕೀಬೋರ್ಡಿಗೆ ಯಾರಾದ್ರೂ ಪ್ಲಾಸ್ಟರ್ ಹಾಕ್ತಾರೇನಕ್ಕ?"

"ಏಟಾದ್ ಜಾಗಕ್ಕೆ ತಾನೆ ಪ್ಲಾಸ್ಟರ್ ಹಾಕೋದು? ಅದನ್ನ ಮುಟ್ಬುಟ್ರೆ ಹೊಡ್ದಿದ್ದೆಲ್ಲ ಹೊಂಟೋಯ್ತದೆ. ನಿನ್ನೆ ಆರ್ ಸಲ ಹೋಯ್ತು."

"ನೋಡ್ಕೊಂಡು ಒತ್ಬೇಕು."

"ನೋಡ್ಕೊಂಡೇ ಒತ್ತನ ಬುಡು. ಆದ್ರೆ ಒಂದ್ ಹೇಳು. ನಾನು ಬಂದೋರ ಮುಖ ನೋಡ್ಲೋ, ನಿನ್ ಗುಂಡಿ ನೋಡ್ಲೋ?"

ನಾನು ಪ್ರಿಂಟರಿನ ರಿಬ್ಬನ್ ಸರಿಮಾಡುವವಳಂತೆ ಅತ್ತ ತಿರುಗಿದೆ. ಅವರು ಅಷ್ಟರಲ್ಲೇ ಒಂದು ಡಬ್ಬಿ ಸ್ಕೆಚ್ ಪೆನ್ನು ತರಿಸಿ, ಬಿಳಿ ಚೀಟಿ ಹೊರಬರುತ್ತಿದ್ದಂತೆ ಅದರ ನೆತ್ತಿಯ ಮೇಲೆ ಹಳದಿ, ಗುಲಾಬಿ, ಹಸಿರು ಗೆರೆ ಎಳೆದು ಕೊಡತೊಡಗಿದ್ದರು. ಕಾರಿಡಾರಿನ ಓಡಾಟ ನಿಂತಿತು.

ಇಷ್ಟು ಆಗಿದ್ದರೆ ಇದು ಬರೀ ನಗುವ ಕತೆಯಾಗುತ್ತಿತ್ತು. ತೊಡಕು ಇದ್ದದ್ದು ಐದನೆಯ ಚೌಕದಲ್ಲಿ. ಮದುವೆಯಾದ ಹೆಂಗಸಾದರೆ ಅಲ್ಲಿ ಗಂಡನ ಹೆಸರು ಬೀಳಲೇಬೇಕು.

ಆ ಸಾಲಿನಲ್ಲಿ ನಿಲ್ಲುತ್ತಿದ್ದ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸಿಗೆ ಕುಂದು ಎಂಬ ನಂಬಿಕೆ ಕೆಲವರಿಗೆ, ಹತ್ತು ಜನರೆದುರು ಹೇಳಲು ನಾಚಿಕೆ ಕೆಲವರಿಗೆ. ಪೆನ್ನಿನ ಕಾಲದಲ್ಲಿ ಚೀಟಿ ಅಕ್ಕ ಇದಕ್ಕೆ ನಾನಾ ಉಪಾಯ ಮಾಡುತ್ತಿದ್ದರು. ಸೊಂಟದ ಮೇಲಿನ ಮಗುವನ್ನು ಕೇಳುವರು. ಹಿಂದೆ ನಿಂತ ಊರಿನವರನ್ನು ಕೇಳುವರು. ಯಾವ ದೇವರ ಹೆಸರು ಎಂದು ಕೇಳಿದರೆ, "ನಂಜನಗೂಡಲ್ಲಿ ಕುಂತವ್ನಲ್ಲ, ಅವ್ನ ಹೆಸ್ರೇಯ" ಎಂದು ಸುಳಿವು ಸಿಗುವುದು. ನಂಜುಂಡನೋ ಶ್ರೀಕಂಠನೋ ಎಂದು ಇವರು ಒಂದೊಂದೇ ಹೆಸರು ಹೇಳುತ್ತಾ ಹೋದರೆ ಸರಿಯಾದದ್ದಕ್ಕೆ ಆಕೆ ತಲೆ ತಗ್ಗಿಸುವಳು. ಯಾವುದೂ ಆಗದಿದ್ದರೆ ಅಷ್ಟು ಜಾಗ ಖಾಲಿ ಬಿಟ್ಟು, ಕೆಂಪು ಸೆರಗು, ಕೈಯಲ್ಲಿ ಹಚ್ಚೆ, ಎಂದೇನೋ ಗುರುತು ಬರೆದು ಮುಂದಿನವರನ್ನು ಕರೆಯುವರು. ಕಾಗದ ತಕರಾರು ಮಾಡುತ್ತಿರಲಿಲ್ಲ.

ನನ್ನ ಚೌಕ ಮಾಡುತ್ತಿತ್ತು. ಗುರುತು ಬರೆಯಲು ಅದರಲ್ಲಿ ಜಾಗವೂ ಇರಲಿಲ್ಲ. ಮೂರನೆಯ ದಿನವೇ ಅಕ್ಕ ಕೇಳಿಕೊಂಡರು. "ಇದೊಂದನ್ನ ಖಾಲಿ ಬುಡಂಗೆ ಮಾಡ್ಕೊಡಮ್ಮ."

"ಆಗಲ್ಲ ಅಕ್ಕ. ಮಾಹಿತಿ ಪೂರ್ತಿ ಇರ್ಬೇಕು. ಇಪ್ಪತ್ತೊಂದನೇ ಶತಮಾನ ಬರ್ತಾ ಇದೆ, ಇನ್ನೂ ಗಂಡನ ಹೆಸರು ಹೇಳಲ್ಲ ಅಂದ್ರೆ ಏನರ್ಥ? ಮೌಢ್ಯ ಅಲ್ವಾ? ಹೇಳೋದು ಕಲೀಲಿ."

ಅವರು ಗಂಟು ಸವರಿಕೊಂಡರು. "ಹೇಳಕ್ಕಾಗ್ದೇ ಇರೋರ್ಗೆ ನೂರೆಂಟ್ ಕಾರಣ ಇರ್ತವೆ ಕಣಮ್ಮ. ಹೊಟ್ಟೆನೋವು ಅಂತ ಬಂದೋಳನ್ನ ಅದನ್ನೆಲ್ಲ ಕೇಳೋದು ಚೀಟಿ ಕೆಲ್ಸ ಅಲ್ಲ."

ಅದು ಒಂದು ಸಾಲು ತಿದ್ದುವ ಕೆಲಸ. ಹತ್ತು ನಿಮಿಷ ಸಾಕಿತ್ತು. ಆಗುವುದಿಲ್ಲ ಎಂದದ್ದು ನನ್ನ ಜಂಬ. ಮುಂದಿನ ವಾರ ಹೋದಾಗ ನೋಡಿದೆ: ಹೆಸರು ಹೇಳದ ಹೆಂಗಸು ಎದುರಿಗೆ ಬಂದರೆ ಅಕ್ಕ ಐದನೆಯ ಚೌಕದಲ್ಲಿ ಒಂದು ಚುಕ್ಕಿ ಒತ್ತುತ್ತಿದ್ದರು. ಬರೀ ಒಂದು ಚುಕ್ಕಿ. ಚೌಕ ತುಂಬಿತೆಂದು ಕಂಪ್ಯೂಟರು ಸುಮ್ಮನೆ ಮುಂದೆ ಬಿಡುತ್ತಿತ್ತು. ಒಳ್ಳೆ ಕಿಲಾಡಿ ಎಂದು ನಕ್ಕು, ನೋಡಿಯೂ ನೋಡದವಳಂತೆ ಬಂದುಬಿಟ್ಟೆ.

ಆ ಪ್ರೋಗ್ರಾಮಿನಲ್ಲಿ ನನಗೆ ಬಹಳ ಹೆಮ್ಮೆಯಿದ್ದ ಒಂದು ಕೈಚಳಕವಿತ್ತು. ರೋಗಿಯ ಹೆಸರು, ಊರು, ವಯಸ್ಸು, ಗಂಡನ ಹೆಸರು, ಈ ನಾಲ್ಕೂ ಹಳೆಯ ಯಾರದಾದರೂ ದಾಖಲೆಗೆ ಹೊಂದಿಕೊಂಡರೆ ಕಂಪ್ಯೂಟರು ತಾನೇ ಅದೇ ವ್ಯಕ್ತಿ ಎಂದು ತಿಳಿದು ಹಳೆಯ ನಂಬರನ್ನೇ ಕೊಟ್ಟುಬಿಡುತ್ತಿತ್ತು. ಯಾರನ್ನೂ ಕೇಳುತ್ತಿರಲಿಲ್ಲ. ಆಸ್ಪತ್ರೆಯವರಿಗೆ ಅದನ್ನು ತೋರಿಸಿ ಭೇಷ್ ಅನ್ನಿಸಿಕೊಂಡಿದ್ದೆ.

ಹೂಟಗಳ್ಳಿಯಲ್ಲಿ ಇಬ್ಬರು ಮಹದೇವಮ್ಮ ಇದ್ದರು. ವಯಸ್ಸು ಕೇಳಿದರೆ ಇಬ್ಬರೂ ಅಂದಾಜಿನಲ್ಲಿ ನಲವತ್ತು ಎಂದಿದ್ದರು. ಇಬ್ಬರೂ ಗಂಡನ ಹೆಸರು ಹೇಳಿರಲಿಲ್ಲ. ಒಬ್ಬಾಕೆಗೆ ಸಕ್ಕರೆ ಕಾಯಿಲೆ. ಇನ್ನೊಬ್ಬಾಕೆ, ಕಾರ್ಖಾನೆಯೊಂದರಲ್ಲಿ ಕಸ ಗುಡಿಸುವವರು, ತಲೆಸುತ್ತು ಎಂದು ಬಂದವರು. ಚುಕ್ಕಿಗೆ ಚುಕ್ಕಿ ಹೊಂದಿಕೊಂಡಿತು. ಕಂಪ್ಯೂಟರು ಇಬ್ಬರನ್ನೂ ಒಬ್ಬರನ್ನಾಗಿ ಮಾಡಿತು. ಒಬ್ಬರ ರಕ್ತದ ವರದಿ ಇನ್ನೊಬ್ಬರ ಕಡತಕ್ಕೆ ಸೇರಿತು; ಸಕ್ಕರೆ ಇಲ್ಲದವರಿಗೆ ಸಕ್ಕರೆ ಇಳಿಸುವ ಮಾತ್ರೆ ಬರೆದುಕೊಟ್ಟರು. ನಾಲ್ಕನೆಯ ದಿನ ಆಕೆ ಕಾರ್ಖಾನೆಯಲ್ಲೇ ಕುಸಿದುಬಿದ್ದರು. ಜೊತೆಯವರು ಆಟೋದಲ್ಲಿ ಹಾಕಿಕೊಂಡು ಬಂದದ್ದರಿಂದ ಜೀವ ಉಳಿಯಿತು.

ಮನೆಯವರು ಗಲಾಟೆ ಮಾಡಿದರು. ಮಾಡಬೇಕಾದದ್ದೇ. ಆಸ್ಪತ್ರೆಯವರು ತನಿಖೆಗೆಂದು ಮೂರು ಜನರ ಸಮಿತಿ ಮಾಡಿದರು. ದಾಖಲೆ ತೆಗೆದು ನೋಡಿದರೆ ಗಂಡನ ಹೆಸರಿನ ಜಾಗದಲ್ಲಿ ಸಾಲು ಸಾಲು ಚುಕ್ಕಿಗಳು. ಇಟ್ಟವರು ಯಾರು ಎಂದು ಹುಡುಕಬೇಕಾಗಿರಲಿಲ್ಲ. ಅಕ್ಕನಿಗೆ ಮೆಮೊ ಕೊಟ್ಟು, ಕಿಟಕಿಯಿಂದ ಎಬ್ಬಿಸಿ, ಹಿಂದುಗಡೆ ಹಳೆಯ ಕಡತಗಳ ಕೋಣೆಗೆ ಕಳಿಸಿದರು.

ಆಗ ಅವರಿಗೆ ಬಂದೊದಗಿದ್ದ ಕಷ್ಟ ಏನೆಂದು ಹೇಳಬೇಕು. ಹದಿನಾಲ್ಕು ವರ್ಷವಾದರೂ ಅವರು ಆಸ್ಪತ್ರೆಯಲ್ಲಿ ತಾತ್ಕಾಲಿಕ ನೌಕರರೇ. ಆಡಳಿತದವರಿಗೆ ಬೇಡ ಅನ್ನಿಸಿದರೆ ಮರುದಿನವೇ ಮನೆಗೆ ಕಳಿಸಬಹುದಿತ್ತು. ಖಾಯಂ ಮಾಡುವವರ ಪಟ್ಟಿಯಲ್ಲಿ ಕೊನೆಗೂ ಅವರ ಹೆಸರು ಬಂದಿತ್ತು. ಆ ತಿಂಗಳ ಕೊನೆಗೆ ಪಟ್ಟಿ ಆಸ್ಪತ್ರೆಯ ಆಡಳಿತ ಮಂಡಳಿಯ ಮುಂದೆ ಹೋಗಬೇಕಿತ್ತು. ಒಂಟಿ ಹೆಂಗಸು, ಐವತ್ತರ ಹತ್ತಿರ. ಆ ಕುರ್ಚಿ ಬಿಟ್ಟರೆ ಅವರಿಗೆ ಬೇರೆ ನೆಲೆ ಇರಲಿಲ್ಲ.

ಸಮಿತಿಯವರು ನಮ್ಮ ಕಂಪನಿಗೂ ಒಂದು ಕಾಗದ ಬರೆದು ಕೇಳಿದರು: ಇದು ಯಂತ್ರದ ತಪ್ಪೋ, ನಡೆಸುವವರ ತಪ್ಪೋ? ಮಾಲೀಕರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ಪ್ರೋಗ್ರಾಂ ನಿಂದು ತಾನೆ, ನೀನೇ ಬರ್ದುಕೊಡಮ್ಮ. ನೋಡ್ಕೊಂಡು ಬರಿ" ಎಂದರು. ನೋಡಿಕೊಂಡೇ ಬರೆದೆ. ಇಂಗ್ಲಿಷಿನಲ್ಲಿ, ಎರಡೇ ವಾಕ್ಯ. ಪ್ರೋಗ್ರಾಂ ಸರಿಯಾಗಿ ಕೆಲಸ ಮಾಡುತ್ತಿದೆ. ನಡೆಸುವ ಸಿಬ್ಬಂದಿ ಸುಳ್ಳು ಮಾಹಿತಿ ತುಂಬಿದ್ದಾರೆ. ಕೆಳಗೆ ಸಹಿ ಹಾಕಿದೆ. ಎರಡು ವಾಕ್ಯವೂ ನಿಜವೇ. ಆದರೂ ನನ್ನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಬರೆದಿಲ್ಲ.

ನಾಲ್ಕು ದಿನ ಬಿಟ್ಟು ಪ್ರಿಂಟರು ನೋಡಲು ಆಸ್ಪತ್ರೆಗೆ ಹೋಗಬೇಕಾಯಿತು. ಅಕ್ಕನ ಕಣ್ಣಿಗೆ ಬೀಳಬಾರದೆಂದು ಹಿಂದಿನ ಬಾಗಿಲಿನಿಂದ ನುಗ್ಗಿದೆ. ಕಡತಗಳ ಕೋಣೆ ಇದ್ದದ್ದು ಆ ಬಾಗಿಲ ಪಕ್ಕದಲ್ಲೇ ಎಂಬುದು ಮರೆತೇಹೋಗಿತ್ತು. ಧೂಳಿನ ನಡುವೆ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ಅವರು, "ಬಾಮ್ಮ, ಚಿತ್ರಾನ್ನ ಇದೆ" ಎಂದು ಮುಚ್ಚಳಕ್ಕೆ ಅರ್ಧ ಹಾಕಿ ನನ್ನ ಮುಂದೆ ತಳ್ಳಿದರು. ಮೇಜಿನ ಮೇಲೆ ಅವರ ಮೆಮೊ, ಅದಕ್ಕೆ ಪಿನ್ನು ಹಾಕಿ ಲಗತ್ತಿಸಿದ್ದ ನನ್ನ ಕಾಗದ.

"ನೀನು ಬರ್ದಿರೋದು ಸುಳ್ಳಲ್ಲ ಬುಡು. ಚುಕ್ಕಿ ಇಟ್ಟೋಳು ನಾನೇಯ" ಎಂದರು. ಧ್ವನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ಆ ಮಹದೇವಮ್ಮನ್ನ ದಿನಾ ವಾರ್ಡಿಗೆ ಹೋಗಿ ನೋಡ್ಕೊಂಡ್ ಬರ್ತೀನಿ. ನನ್ ಬೆರಳಿಂದ ಆಯ್ತಲ್ಲ ಅಂತ ಸಂಕಟ ಆಯ್ತದೆ. ಅದಿರ್ಲಿ, ನಂಗೊಂದ್ ಕೆಲ್ಸ ಮಾಡ್ಕೊಡ್ತೀಯಾ?"

"ಹೇಳಿ ಅಕ್ಕ."

"ನನ್ ಜಾಗಕ್ಕೆ ಬಂದಿರೋ ಹುಡುಗಿ ನಾಳೆ ರಜೆ. ಒಂದ್ ದಿನ ಆ ಕುರ್ಚೀಲಿ ನೀನು ಕೂತ್ಕೊ. ಒಂದೇ ದಿನ."

ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತಿದ್ದ ಸಾಹೇಬರನ್ನು ಕೇಳಿ ಒಪ್ಪಿಸಿದವರೂ ಅವರೇ. ಮಾರನೆಯ ಬೆಳಿಗ್ಗೆ ಎಂಟಕ್ಕೆ ಕೂತೆ. ಪರದೆ ನನ್ನದು, ಹನ್ನೊಂದು ಚೌಕವೂ ಕಣ್ಣುಮುಚ್ಚಿ ತುಂಬಬಲ್ಲೆ. ಮೊದಲ ಅರ್ಧ ಗಂಟೆ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಒಬ್ಬ ಹೆಂಗಸು ಬಂದಳು. ಬೆನ್ನಿನ ಮೇಲೆ ಜ್ವರದಿಂದ ಸುಡುತ್ತಿದ್ದ ಮಗು, ಇನ್ನೂ ಮಾತು ಬಾರದ್ದು. ಅವಳಿಗೂ ಜ್ವರ, ತನಗೂ ಚೀಟಿ ಬೇಕೆಂದಳು. ಗಂಡನ ಹೆಸರೇನಮ್ಮ ಎಂದೆ. ಸೆರಗಿನ ತುದಿ ಬಾಯಿಗಿಟ್ಟುಕೊಂಡಳು. ಜೋರಾಗಿ ಇನ್ನೊಮ್ಮೆ ಕೇಳಿದೆ. ನನ್ನ ಧ್ವನಿಗೆ ಸಾಲೆಲ್ಲ ಅವಳ ಕಡೆ ತಿರುಗಿತು. ಅವಳು ಕಣ್ಣು ತುಂಬಿಕೊಂಡು, "ಬ್ಯಾಡ ಬುಡಿ ಅವ್ವ, ಮಗೀಗ್ ಮಾತ್ರ ಕೊಡಿ" ಎಂದಳು. ಹಿಂದಿನಿಂದ ಯಾರೋ "ಏನ್ರೀ ಅದು, ಹೆಣ್ಮಗಳ್ನ ಪೋಲೀಸ್ ಸ್ಟೇಷನ್ ಥರ ಕೇಳ್ತೀರಲ್ಲ" ಎಂದರು. ಕಂಪ್ಯೂಟರು ಕೀಂಯ್ ಎಂದಿತು. ನನ್ನ ಬೆರಳು ತಾನಾಗಿ ಹೋಗಿ ಚುಕ್ಕಿ ಒತ್ತಿತು.

ಅದು ಮೊದಲನೆಯದು. ಹನ್ನೊಂದು ಗಂಟೆಯಾಗುವ ಹೊತ್ತಿಗೆ ಲೆಕ್ಕ ಬಿಟ್ಟಿದ್ದೆ. ನಡುವೆ ಎರಡು ಸಲ ಎಡಮೂಲೆಯ ಗುಂಡಿಗೆ ಕೈ ತಾಗಿತು. ಹೊಸ ಹುಡುಗಿ ಪ್ಲಾಸ್ಟರು ಕಿತ್ತುಹಾಕಿದ್ದಳು. ನನ್ನದೇ ಪರದೆ ನನ್ನನ್ನೇ ಬರಿಗೈ ಮಾಡಿತು. ಒಂದು ಗಂಟೆಗೆ ಕಿಟಕಿ ಮುಚ್ಚಿ ಆ ದಿನದ ಪಟ್ಟಿ ಪ್ರಿಂಟು ತೆಗೆದೆ. ಹತ್ತೊಂಬತ್ತು ಚುಕ್ಕಿ. ಅಕ್ಕ ಯಾವ ದಿನವೂ ಅಷ್ಟು ಇಟ್ಟಿರಲಿಲ್ಲ. ಕಾಗದ ಹಿಡಿದುಕೊಂಡು ಕಡತಗಳ ಕೋಣೆಗೆ ಹೋದೆ. ಅವರ ಕೈಗೆ ಕೊಡುವಾಗ ಅಳು ಬಂತು. ಅವರು ಓದಿ, ಮಡಿಸಿ ನನ್ನ ಕೈಗೇ ವಾಪಸು ಕೊಟ್ಟು, "ಊಟ ಮಾಡ್ದಾ?" ಎಂದರು.

ಆ ಸಂಜೆ ಕನ್ನಡದಲ್ಲಿ ಇನ್ನೊಂದು ಕಾಗದ ಬರೆದೆ. ಈ ಚೌಕವನ್ನು ಖಾಲಿ ಬಿಡಲು ಅವಕಾಶ ಕೊಡಿ ಎಂದು ಚೀಟಿ ಬರೆಯುವವರು ಮೂರನೆಯ ದಿನವೇ ಕೇಳಿದ್ದರು, ನಾನು ಕೊಡಲಿಲ್ಲ. ಚುಕ್ಕಿ ಇಡುತ್ತಿದ್ದುದನ್ನು ಕಣ್ಣಾರೆ ಕಂಡೂ ಸುಮ್ಮನಿದ್ದೆ. ಇಬ್ಬರನ್ನು ಒಬ್ಬರೆಂದು, ಯಾರನ್ನೂ ಕೇಳದೆ ಸೇರಿಸಿದ್ದು ನಾನು ಬರೆದ ಪ್ರೋಗ್ರಾಂ. ನಾನು ಆ ಜಾಗದಲ್ಲಿ ಕೂತ ದಿನ ನಾನೂ ಹತ್ತೊಂಬತ್ತು ಚುಕ್ಕಿ ಇಟ್ಟಿದ್ದೇನೆ, ಪಟ್ಟಿ ಲಗತ್ತಿಸಿದೆ. ಮಾಲೀಕರಿಗೆ ತೋರಿಸಿದಾಗ ಅವರು ಕೆಂಡವಾದರು. "ಇದನ್ನ ಕೊಟ್ರೆ ನಾಳೆಯಿಂದ ನೀನು ಬರೋದ್ ಬೇಡ" ಎಂದರು. ಕೊಟ್ಟೆ. ಅವರು ಹೇಳಿದಂತೆಯೇ ಮಾಡಿದರು. ಎರಡು ವಾರದ ಮೇಲೆ ಆಸ್ಪತ್ರೆಯವರು ಪ್ರೋಗ್ರಾಂ ತಿದ್ದಲು ಆ ಹುಡುಗಿಯೇ ಬೇಕು ಎಂದಾಗ ಮತ್ತೆ ಕರೆಸಿಕೊಂಡರು.

ಮೆಮೊ ವಾಪಸಾಯಿತು. ಅಕ್ಕ ಕಿಟಕಿಗೆ ಮರಳಿದರು. ಆದರೆ ಅಷ್ಟರಲ್ಲಿ ಖಾಯಂ ಪಟ್ಟಿ ಮಂಡಳಿಯ ಮುಂದೆ ಹೋಗಿ ಬಂದಿತ್ತು, ಅವರ ಹೆಸರನ್ನು ಹೊಡೆದುಹಾಕಿಯೇ. ಖಾಯಂ ಆದದ್ದು ಮರುವರ್ಷ. ನನ್ನ ಎರಡು ವಾಕ್ಯಕ್ಕೆ ಅವರು ತೆತ್ತದ್ದು ಒಂದು ವರ್ಷದ ಆತಂಕ. ಅದನ್ನು ಅವರು ಯಾವತ್ತೂ ಆಡಿ ತೋರಿಸಲಿಲ್ಲ, ನಾನು ಯಾವತ್ತೂ ಮರೆಯಲಿಲ್ಲ.

ಮಹದೇವಮ್ಮನವರ ಮನೆಗೂ ಇಬ್ಬರೂ ಹೋಗಿದ್ದೆವು. ತಪ್ಪಾಯಿತು ಎಂದು ನಾನು ಹೇಳಿದೆ. ಮಹದೇವಮ್ಮ ನನ್ನ ಕಡೆ ತಿರುಗಿ, "ನಮ್ಮೋರ್ ಹೆಸ್ರು ಹೇಳ್ಲಿಲ್ಲ ಅಂತ ಇಷ್ಟೆಲ್ಲ ಆಯ್ತಾ?" ಎಂದರು. ಆಮೇಲೆ ಒಳಗಿದ್ದ ಮಗಳನ್ನು ಕೂಗಿ, "ನಿಮ್ಮಪ್ಪನ ಹೆಸ್ರು ಹೇಳೇ ಇವ್ರಿಗೆ, ಬರ್ಕೊಳ್ಲಿ" ಎಂದರು. ಅಷ್ಟಾದರೂ ತಾವಾಗಿ ಹೇಳಲಿಲ್ಲ.

ಹೊಸ ಪರದೆಯನ್ನು ನಾನು ಮಹಡಿಯ ಮೇಲೆ ಬರೆಯಲಿಲ್ಲ. ಅಕ್ಕನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ಬರೆದೆ. ಹನ್ನೊಂದು ಚೌಕ ಆರಾದವು. ಒಂದೊಂದು ಚೌಕಕ್ಕೂ ಅವರದು ಒಂದೇ ಪ್ರಶ್ನೆ: "ಇದು ಗೊತ್ತಾಗಿ ಡಾಕ್ಟ್ರು ಏನ್ ಮಾಡ್ತಾರೆ?" ನನಗೆ ಉತ್ತರ ಗೊತ್ತಿಲ್ಲದಿದ್ದರೆ ಚೌಕ ಹೋಯಿತು. ಗಂಡನ ಹೆಸರು ಉಳಿಯಿತು, ಖಾಲಿ ಬಿಡುವಂತೆ. ಒಂದೇ ಹೆಸರಿನ ಇಬ್ಬರು ಸಿಕ್ಕರೆ ಕಂಪ್ಯೂಟರು ಇಬ್ಬರನ್ನೂ ತೋರಿಸಿ, ಇವರೇನಾ ಎಂದು ಕೇಳಿಯೇ ಮುಂದುವರಿಯುತ್ತಿತ್ತು. ಎಡಮೂಲೆಯ ಗುಂಡಿಯ ಕೆಲಸವನ್ನೇ ತೆಗೆದುಹಾಕಿದೆ. ಪ್ರಿಂಟರಿಗೆ ಬಣ್ಣದ ಕಾಗದ ಬಂತು. ಆರನೆಯ ಚೌಕ ಪೂರ್ತಿ ಅಕ್ಕನದೇ ಕಲ್ಪನೆ: ಜೊತೆಗೆ ಬಂದವರು ಯಾರು, ಏನಾಗಬೇಕು. "ಕಾಯ್ಲೆ ಬಂದೋರ್ಗೆ ಗಂಡ ಯಾರು ಅನ್ನೋದಲ್ಲ ಕಣಮ್ಮ ಮುಖ್ಯ. ಜೊತೇಲ್ ಯಾರ್ ಬಂದವ್ರೆ ಅನ್ನೋದು. ಕುಸುದ್ ಬಿದ್ರೆ ಕೂಗಕ್ಕೆ ಒಂದ್ ಹೆಸ್ರು ಬೇಕಲ್ವ?"

ಆಮೇಲೆ ನಾನು ಸ್ವಂತ ಕೆಲಸ ಶುರುಮಾಡಿದೆ. ಬರೆದ ಪ್ರತಿ ಪ್ರೋಗ್ರಾಮನ್ನೂ ಮೊದಲು ಅಕ್ಕನೆದುರು ಇಡುತ್ತಿದ್ದೆ. ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ಅವರ ಹುಬ್ಬು ನೋಡುತ್ತಿದ್ದೆ. ಹುಬ್ಬು ಗಂಟಿಕ್ಕಿದ ಜಾಗದಲ್ಲಿ ನನ್ನ ತಪ್ಪಿರುತ್ತಿತ್ತು. ಮೊಬೈಲು ಬಂದ ಮೇಲೆ ಒಂದು ಪುಟ್ಟ ಗುಂಡಿ ಫೋನು ಕೊಂಡರು. ಅದರ ನೆತ್ತಿಯ ಮೇಲಿದ್ದ ಟಾರ್ಚು ಅವರಿಗೆ ಪ್ರಾಣ. "ಇದನ್ನ ಮಾಡ್ದೋನು ಕರೆಂಟ್ ಹೋಗೋ ಊರ್ ನೋಡವ್ನೆ" ಎನ್ನುತ್ತಿದ್ದರು. ಹಾಗೆಯೇ, ಯಾವುದನ್ನೋ ಅಳಿಸಲು ಹೋದಾಗ ಅದು ಕೇಳಿದ ಪ್ರಶ್ನೆ ಅರ್ಥವಾಗದೆ ಊರಿಗೆಲ್ಲ ಒಂದೇ ಸಂದೇಶ ಕಳಿಸಿ, ಮೂರು ದಿನ ಎಲ್ಲರಿಂದ ಫೋನು ಬರಿಸಿಕೊಂಡದ್ದೂ ಉಂಟು. "ನಂಗ್ ಗೊತ್ತಾಗ್ಲಿಲ್ಲ" ಎಂದು ಯಾರಾದರೂ ತಮ್ಮನ್ನೇ ಬೈದುಕೊಂಡರೆ ಅವರಿಗೆ ಸಿಟ್ಟು ಬರುತ್ತಿತ್ತು. "ನಿಂಗ್ ಗೊತ್ತಾಗ್ದಂಗೆ ಮಾಡವ್ರೆ ಅನ್ನು" ಎಂದು ತಿದ್ದುತ್ತಿದ್ದರು.

ನಿವೃತ್ತರಾದ ಮರುವರ್ಷವೇ ಅವರಿಗೆ ಉಸಿರಿನ ತೊಂದರೆ ಶುರುವಾಯಿತು. ಹಿನಕಲ್‌ನಿಂದ ಆಟೋದಲ್ಲಿ ಕೂರಿಸಿಕೊಂಡು ಅದೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದೇ ಕಿಟಕಿ, ಅವರು ಕೊರೆಸಿದ್ದ ಅದೇ ಕಂಡಿ. ಒಳಗೆ ಕೂತಿದ್ದ ಹುಡುಗಿ ಹೊಸಬಳು, ಇವರ ಗುರುತಿಲ್ಲ. ಕಂಪ್ಯೂಟರು ಬದಲಾಗಿತ್ತು, ಪರದೆಗೆ ಬಣ್ಣ ಬಂದಿತ್ತು, ಚೌಕಗಳು ಮಾತ್ರ ನಮ್ಮವೇ. ಅಕ್ಕ ಕಂಡಿಯ ಅಂಚು ಹಿಡಿದು ನಿಂತರು. ನಡುಬೆರಳಿನ ಗಂಟು ಯಾವಾಗಲೋ ಕರಗಿಹೋಗಿತ್ತು. ಅದಿದ್ದ ಜಾಗ ಒಂದಿಷ್ಟು ನುಣುಪಾಗಿತ್ತು.

ಹೆಸರು ಹೇಳಿದರು. ಊರು ಹೇಳಿದರು. ವಯಸ್ಸು ಹೇಳಿದರು.

"ಗಂಡನ ಹೆಸ್ರಮ್ಮ?"

ಅಕ್ಕ ಸುಮ್ಮನಾದರು. ಕತ್ತಿನಲ್ಲಿ ತಾಳಿಯಿತ್ತು. ಆತ ಇದ್ದನೋ, ಬಿಟ್ಟುಹೋದನೋ, ಇವರೇ ಬಿಟ್ಟುಬಂದರೋ, ಹನ್ನೊಂದು ವರ್ಷದಲ್ಲಿ ಅವರು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಹೇಳಕ್ಕಾಗದೇ ಇರೋರಿಗೆ ನೂರೆಂಟು ಕಾರಣ ಎಂದು ಅವರು ಹೇಳುವ ಮುಂಚೆ ಆವತ್ತು ನಾನು ಮೌಢ್ಯ ಎಂದು ಅವರ ಮುಖದ ಮೇಲೆ ಹೇಳಿದ್ದೆನಲ್ಲ, ಅದು ಯಾರಿಗೆ ಹೇಳಿದ ಮಾತು ಎಂಬುದು ಆ ಕಂಡಿಯ ಮುಂದೆ ನಿಂತಾಗ ನನಗೆ ತಿಳಿಯಿತು.

ಹುಡುಗಿ ಒಂದು ಕ್ಷಣ ಕಾದಳು. ಮತ್ತೆ ಕೇಳಲಿಲ್ಲ. ಒಂದು ಗುಂಡಿ ಒತ್ತಿದಳು. ಚೌಕ ಖಾಲಿಯಾಗಿಯೇ ಉಳಿದು ಮುಂದಕ್ಕೆ ಬಿಟ್ಟಿತು. ಕೀಂಯ್ ಎನ್ನಲಿಲ್ಲ. ಅಕ್ಕನ ಹಿಡಿ ಸಡಿಲವಾದದ್ದನ್ನು ನಾನು ನೋಡಿದೆ.

"ಜೊತೇಲಿ ಯಾರ್ ಬಂದಿದಾರಮ್ಮ?"

ಅಕ್ಕ ನನ್ನ ಹೆಸರು ಹೇಳಿದರು.

"ಏನಾಗ್ಬೇಕು ನಿಮಗೆ?"

ಅದನ್ನೂ ಖಾಲಿ ಬಿಡಬಹುದಿತ್ತು. ಚೌಕವನ್ನು ಹಾಗೆ ಮಾಡಿದ್ದವಳು ನಾನೇ. ಅಕ್ಕ ಉಸಿರೆಳೆದುಕೊಳ್ಳಲು ಒಂದು ಗಳಿಗೆ ನಿಂತು, "ಖಾಲಿ ಬುಡ್ಬೇಡ ಕಣಮ್ಮ. ನಮಗೆ ಬೇಕಾದೋರು ಅಂತ ಬರ್ಕೊ" ಎಂದರು.

ಆ ಸಲ ಒಳಗೆ ಹೋದವರು ಮನೆಗೆ ಬರಲಿಲ್ಲ. ಒಂಬತ್ತು ದಿನ ಇದ್ದರು. ಕೊನೆಯ ದಿನ ನಸುಕಿಗೆ ವಾರ್ಡಿನಿಂದ ನನಗೆ ಫೋನು ಬಂತು. ಆರನೆಯ ಚೌಕದಲ್ಲಿದ್ದ ಹೆಸರು ನೋಡಿ, ವಾರ್ಡಿನಲ್ಲಿ ಬರೆಸಿದ್ದ ನನ್ನ ನಂಬರಿಗೆ ಕರೆದಿದ್ದರು. ಹೋಗುವಷ್ಟರಲ್ಲಿ ಮುಗಿದಿತ್ತು, ಕೈ ಇನ್ನೂ ಬೆಚ್ಚಗಿತ್ತು. ಆ ನಡುಬೆರಳನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದೆ.

ಅವರ ಚೀಟಿ ನನ್ನ ಹತ್ತಿರವೇ ಇದೆ. ಬಿಳಿ ಬಣ್ಣದ್ದು. ಗಂಡನ ಹೆಸರಿನ ಜಾಗ ಖಾಲಿ, ಅಲ್ಲಿ ಚುಕ್ಕಿಯೂ ಇಲ್ಲ. ಅದರ ಕೆಳಗೆ ನನ್ನ ಹೆಸರಿದೆ.